ಬರೆದವರ ಕಂಬಳಿ

ಮಾಳದಹಟ್ಟಿಯಲ್ಲಿ ನಾಟಕ ಇದೆಯೆಂದರೆ ಮೊದಲು ಹಾಸುವುದು ಕಂಬಳಿ. ರಂಗ ಕಟ್ಟುವುದು, ಪರದೆ ಇಳಿಬಿಡುವುದು, ದೀಪ ಜೋಡಿಸುವುದು ಎಲ್ಲ ಆಮೇಲಿನ ಕೆಲಸ. ಕರೀ ಉಣ್ಣೆಯ ಕಂಬಳಿಯೊಂದನ್ನು ಮಡಿಸಿ ರಂಗದ ಎಡಗಡೆ, ಹಾರ್ಮೋನಿಯಂ ಮೇಷ್ಟ್ರ ಎದುರಿಗೆ ಹಾಸುತ್ತಾರೆ. ಅದರ ಮೇಲೆ ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಅದು ನಾಟಕ ಬರೆದವರ ಜಾಗ. ಬರೆದವರು ಬರುವುದಿಲ್ಲ. ಹಾಗಂತ ಇನ್ನೊಬ್ಬರು ಅಲ್ಲಿ ಕೂರುವಂತೆಯೂ ಇಲ್ಲ. ಒಂದು ವರ್ಷ ತಳಕಿನಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಗೊತ್ತಿಲ್ಲದೆ ಕೂರಲು ಹೋಗಿ, ಯರ್ರಮ್ಮಜ್ಜಿಯಿಂದ "ಏಳಪ್ಪೋ, ಅದು ಯಜಮಾನ್ರ ಜಾಗ" ಅಂತ ಎಬ್ಬಿಸಿಕೊಂಡು ಪೆಚ್ಚಾಗಿದ್ದರು.

ಹಟ್ಟಿಯವರು ಆಡುವುದು ಒಂದೇ ನಾಟಕ, 'ಬಾವಿ ತಂದ ಸೊಸೆ'. ನೀರಿಲ್ಲದ ಊರಿಗೆ ಮದುವೆಯಾಗಿ ಹೋಗುವ ಹುಡುಗಿಯೊಬ್ಬಳು ಅಪ್ಪನ ಹತ್ತಿರ ಬಂಗಾರ ಬೇಡದೆ, ಬಾವಿ ತೋಡುವ ಆಳುಗಳನ್ನು ಬಳುವಳಿಯಾಗಿ ಕೇಳಿಕೊಂಡು ಹೋಗುವ ಕಥೆ. ಅತ್ತೆ ಆಡಿಕೊಳ್ಳುತ್ತಾಳೆ, ಊರು ನಗುತ್ತದೆ, ಅಗೆದಲ್ಲೆಲ್ಲ ಬಂಡೆ ಸಿಗುತ್ತದೆ, ಕೊನೆಗೆ ನೀರು ಬರುತ್ತದೆ. ನೀರು ಬರುತ್ತದೆಂದು ಕೂಸುಗಳಿಗೂ ಗೊತ್ತು. ಆದರೂ ಬಂಡೆ ಒಡೆಯುವ ಹೊತ್ತಿಗೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿ ಹಿಡಿಯುತ್ತಾರೆ. ಶೇಂಗಾ ಕಿತ್ತು, ಬಳ್ಳಿ ಬಣವೆ ಒಟ್ಟಿದ ಮೇಲೆ ವರ್ಷಕ್ಕೊಂದು ಸಲ ಇದನ್ನು ಆಡದಿದ್ದರೆ ಹಟ್ಟಿಗೆ ಸುಗ್ಗಿ ಮುಗಿದಂತೆ ಅನ್ನಿಸುವುದಿಲ್ಲ.

ಜಂಪಣ್ಣ ಈ ನಾಟಕದಲ್ಲಿ ಒಮ್ಮೆಯೂ ಬಣ್ಣ ಹಚ್ಚಿದವನಲ್ಲ. ಅವನ ಜಾಗ ಪಕ್ಕದ ಪರದೆಯ ಹಿಂದೆ. ಪಾರ್ಟು ಮಾಡುವವರು ಮಾತು ಮರೆತು ತಡವರಿಸಿದಾಗ ಹಿಂದಿನಿಂದ ಪಿಸುದನಿಯಲ್ಲಿ ಎತ್ತಿಕೊಡುವುದು ಅವನ ಕೆಲಸ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಸೈನಿಕನ ಪಾರ್ಟಿಗೆಂದು ನಿಂತು, ಕಾಲು ನಡುಗಿ, ಈಟಿ ಬೀಳಿಸಿದ್ದ. ಬೇರೆ ಊರಿನಿಂದ ಬಂದು ನಾಟಕ ಬರೆದು ಕಲಿಸಿ ಹೋದ ಮೇಷ್ಟ್ರು ನಕ್ಕು, "ನಿನ್ನ ಕಾಲು ಬ್ಯಾಡಪ್ಪ ನಂಗೆ, ಕಿವಿ ಕೊಡು. ಎಲ್ರ ಮಾತೂ ನಿನ್ನ ಕಿವಿಯಾಗಿರ್ಲಿ" ಅಂದು ಪರದೆಯ ಹಿಂದೆ ನಿಲ್ಲಿಸಿದ್ದರು. ಅಂದು ನಿಂತವನು ಇವತ್ತಿಗೂ ಅಲ್ಲೇ ನಿಲ್ಲುತ್ತಿದ್ದಾನೆ. ಅತ್ತೆಯ ಬೈಗುಳ, ಸೊಸೆಯ ಅಳು, ಬಾವಿ ತೋಡುವವರ ಜಗಳ, ಎಲ್ಲವೂ ಅವನ ಗಂಟಲಲ್ಲೇ ಇತ್ತು. ಮೇಷ್ಟ್ರು ಬರೆದುಕೊಟ್ಟಿದ್ದ ಪ್ರತಿಯನ್ನು ಎಂದೋ ಗೆದ್ದಲು ತಿಂದು ಮುಗಿಸಿತ್ತು.

ಹೋದ ವರ್ಷ ಅದೇ ಗಂಟಲು ಕೈಕೊಟ್ಟಿತು. ಚಳ್ಳಕೆರೆಯ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, "ಕೂಗಬೇಡಿ. ಪಿಸುಗುಟ್ಟೋದಂತೂ ಬೇಡವೇ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು" ಅಂದರು. ಜಂಪಣ್ಣನಿಗೆ ನಗು ಬಂತು. ಇಷ್ಟು ವರ್ಷ ಅವನು ಮಾಡಿಕೊಂಡು ಬಂದಿದ್ದೇ ಅದನ್ನು.

ಅವನ ಅಣ್ಣನ ಮಗಳು ನಾಗರತ್ನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಸುದ್ದಿ ಕೇಳಿದವಳೇ, "ಚಿಕ್ಕಪ್ಪ, ನಿನ್ನ ಗಂಟಲು ಪೂರ್ತಿ ಕಟ್ಟೋಕೆ ಮುಂಚೆ ನಾಟಕ ಹೊರಗೆ ಬರಬೇಕು, ಕುಂತ್ಕೋ" ಅಂದಳು. ಬೇಸಿಗೆಯುದ್ದಕ್ಕೂ ಮಧ್ಯಾಹ್ನದ ಹೊತ್ತು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಅವಳು ಕೂತು, ಅವನು ಮೆಲ್ಲಗೆ ಹೇಳಿ, ನಾಟಕವೆಲ್ಲ ಅಕ್ಷರಕ್ಕೆ ಬಂತು. ಇನ್ನು ಪುಸ್ತಕ ಮಾಡಿಸಿಬಿಟ್ಟರೆ ತನ್ನ ಗಂಟಲು ಹೋದರೂ ನಾಟಕ ಹೋಗುವುದಿಲ್ಲ ಎಂದು ಜಂಪಣ್ಣನಿಗೆ ಎದೆ ಹಗುರಾಯಿತು.

ಚಳ್ಳಕೆರೆಯಲ್ಲಿ ಶಿವಮೂರ್ತಪ್ಪನ ಪ್ರೆಸ್ಸು. ಮದುವೆ ಕಾರ್ಡು, ಎಣ್ಣೆ ಮಿಲ್ಲುಗಳ ಬಿಲ್ ಬುಕ್ಕು ಅಚ್ಚು ಹಾಕುವ ಜಾಗ. ಜಂಪಣ್ಣ, ನಾಗರತ್ನ, ಜೊತೆಗೆ ನಾಟಕದ ಕಮಿಟಿಯ ಯಜಮಾನ ಪಾತಣ್ಣ, ಮೂವರೂ ಹೋದರು. ಶಿವಮೂರ್ತಪ್ಪ ಪುಟ ತಿರುವಿ ನೋಡಿ ಕನ್ನಡಕ ತೆಗೆದ.

"ಬರೆದೋರು ಯಾರು?"

"ಮೇಷ್ಟ್ರು" ಅಂದ ಜಂಪಣ್ಣ.

"ಯಾವ ಮೇಷ್ಟ್ರು?"

"ನಮ್ಮ ಮೇಷ್ಟ್ರು."

"ಅವರಿಗೆ ಅಪ್ಪ ಅವ್ವ ಇಟ್ಟ ಹೆಸರೊಂದು ಇರ್ತದಲ್ಲಪ್ಪ?"

ಹೆಸರು ಇದ್ದೇ ಇತ್ತು. ಆದರೆ ಹೆಂಗಸರು ಗಂಡನ ಹೆಸರು ಎತ್ತದ ಹಾಗೆ ಹಟ್ಟಿಯವರು ನಾಟಕ ಕಲಿಸಿದ ಗುರುವಿನ ಹೆಸರು ಎತ್ತುವುದಿಲ್ಲ. ಮೇಷ್ಟ್ರು ಅನ್ನಬೇಕು, ಇಲ್ಲ ಯಜಮಾನ್ರು ಅನ್ನಬೇಕು. ಹೆಸರು ಹಿಡಿದು ಕರೆದರೆ ಮರ್ಯಾದೆ ಕೆಡುತ್ತದೆಂದು ಹಿರೀಕರೆಲ್ಲ ಆ ಹೆಸರನ್ನು ಬಾಯೊಳಗೇ ಇಟ್ಟುಕೊಂಡು, ಹಾಗೆಯೇ ಮಣ್ಣಿಗೆ ಹೋಗಿದ್ದರು. ಆಗ ಹುಡುಗನಾಗಿದ್ದ ಜಂಪಣ್ಣನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಕೇಳುವ ಧೈರ್ಯ ಅವನಿಗೂ ಆಗಿರಲಿಲ್ಲ.

"ನೋಡ್ರಿ, ಹೆಸರು ಗೊತ್ತಿಲ್ಲ ಅಂದ್ರೆ ಹಕ್ಕಿಲ್ಲ ಅಂತಲ್ಲ" ಎಂದ ಶಿವಮೂರ್ತಪ್ಪ. "ಬರೆದೋರು ತೀರಿಕೊಂಡು ಅರವತ್ತು ವರ್ಷ ಆಗೋತನಕ ಅದು ಅವರ ಮನೆಯೋರದು. ನೀವು ಟಿಕೀಟಿಲ್ಲದೆ ಊರಾಗೆ ಆಡ್ಕಂಡ್ರೆ ಕಾಯ್ದೆ ಏನೂ ಅನ್ನಲ್ಲ. ಅಚ್ಚು ಹಾಕ್ತೀನಿ ಅಂದ್ರೆ ಅವರ ಒಪ್ಪಿಗೆ ಬೇಕು. ಹೋದ ವರ್ಷ ಯಾರದ್ದೋ ಭಜನೆ ಪುಸ್ತಕ ಹಾಕಿ ವಕೀಲರ ನೋಟೀಸ್ ತಿಂದೀನಿ, ಇನ್ನೂ ಅರಗಿಲ್ಲ."

"ಹಂಗಾದ್ರೆ ವಾರಸುದಾರರೇ ಸಿಗದಿದ್ರೆ?" ಅಂದಳು ನಾಗರತ್ನ.

"ಈಗ್ಲೂ ದಾರಿ ಐತವ್ವ, ಆದ್ರೆ ಅರ್ಜಿ ಹಾಕ್ಕೊಂಡು ಡೆಲ್ಲಿ ತನಕ ಅಲೆಯೋ ದಾರಿ. ಕಾಯ್ದೆ ತಿದ್ದಬೇಕು ಅಂತ ಮಾತು ನಡೀತಾ ಐತೆ. ಹುಡುಕಿದ್ವಿ, ಪೇಪರಿನಾಗೆ ಹಾಕಿಸಿದ್ವಿ, ಯಾರೂ ಬರ್ಲಿಲ್ಲ ಅಂದ್ರೆ ಇಂಥವನ್ನ ಸಲೀಸಾಗಿ ಅಚ್ಚು ಹಾಕೋಕೆ ಬಿಡ್ರಿ ಅಂತ ಕೆಲವರ ಸಲಹೆ. ಬಿಟ್ರೆ ಬರೆಯೋರ ಗತಿ ಏನು ಅಂತ ಇನ್ನು ಕೆಲವರು. ಕಂಪ್ಯೂಟರು ಇವನ್ನೆಲ್ಲ ಓದಿ ಕಲಿಯೋಕೆ ಬಿಡಬೇಕೋ ಬ್ಯಾಡವೋ ಅಂತ ಅದೊಂದು ಬ್ಯಾರೆ ಜಗಳ."

ಪಾತಣ್ಣನಿಗೆ ಇದು ವಿಚಿತ್ರವಾಗಿ ಕಂಡಿತು. "ಕಂಪ್ಯೂಟರು ನಮ್ಮ ನಾಟಕ ಓದಿ ಏನು ಮಾಡ್ತದೆ? ಅತ್ತೆ ಪಾರ್ಟು ಹಾಕ್ತದಾ?"

"ಹಾಕ್ಲಿ ಬಿಡು ದೊಡ್ಡಪ್ಪ" ಅಂದಳು ನಾಗರತ್ನ. "ನಿನ್ನಂಗೆ ಅರ್ಧಕ್ಕೆ ಮಾತು ಮರೆತು ಪರದೆ ಕಡೆ ಕಣ್ಣು ಮಿಟುಕಿಸ್ತಾ ನಿಲ್ಲಲ್ಲ."

ಪಾತಣ್ಣ ವರ್ಷವರ್ಷವೂ ಮಾಡುತ್ತಿದ್ದುದು ಅತ್ತೆಯ ಪಾರ್ಟನ್ನೇ. ಶಿವಮೂರ್ತಪ್ಪನೂ ನಕ್ಕ. ನಕ್ಕರೂ ಪ್ರತಿಯನ್ನು ಹಿಂದಕ್ಕೆ ಕೊಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಪಾತಣ್ಣ ತನ್ನ ಲೆಕ್ಕಾಚಾರ ಬಿಚ್ಚಿದ. "ಜನಪದ ಅಂತ ಹಾಕಿಬಿಡಾಣ ಕಣಲೇ. ಯಾರು ಬಂದು ಕೇಳ್ತಾರೆ? ಇಲ್ಲ ಅಂದ್ರೆ ಆ ತಿದ್ದುಪಡಿ ಬರೋತನಕ ಸುಮ್ಕಿದ್ದು, ಆಮೇಲೆ ಯಾವುದಾದ್ರೂ ಪೇಪರಿನ ಮೂಲೆಗೆ ಸಣ್ಣಕ್ಷರದಾಗೆ ಹಾಕಿಸಾಣ. ಯಾರೂ ನೋಡಲ್ಲ."

"ಯಾರೂ ನೋಡಬಾರ್ದು ಅಂತ ಹಾಕಿಸೋದಾ?" ಅಂದ ಜಂಪಣ್ಣ. "ಮತ್ತೆ ಕಂಬಳಿ ಯಾಕೆ ಹಾಸ್ತೀವಿ ನಾವು?"

"ಕಂಬಳಿ ಬ್ಯಾರೆ, ಕಾಯ್ದೆ ಬ್ಯಾರೆ."

"ಹುಡುಕಾಣ ಕಣಲೇ ಪಾತ. ನಿಜವಾಗ್ಲೂ ಹುಡುಕಾಣ."

ಪಾತಣ್ಣ ಲೋಟ ಕೆಳಗಿಟ್ಟ. "ಹುಡುಕಿದ್ರೆ ಸಿಕ್ಕಿಬಿಡ್ತಾರೆ, ಅದೇ ನನ್ನ ಭಯ. ಸಿಕ್ಕಿ, 'ನಮ್ಮಪ್ಪ ಬರೆದಿದ್ದು, ನೀವು ಆಡಬ್ಯಾಡ್ರಿ' ಅಂದ್ರೆ?"

"ಆಡೋದಕ್ಕೆ ಕಾಯ್ದೆ ಅಡ್ಡ ಬರಲ್ಲ ಅಂದ್ರಲ್ಲ."

"ಕಾಯ್ದೆ ಬರಲ್ಲ. ನೀನು ಬರ್ತೀಯಲ್ಲ ಅಡ್ಡ! ಅವರು ಬ್ಯಾಡ ಅಂದ ಮೇಲೆ ನೀನು ಪರದೆ ಹಿಂದೆ ನಿಲ್ತೀಯಾ? ನಿಲ್ತೀನಿ ಅಂತ ಬಾಯಿಬಿಟ್ಟು ಹೇಳು, ನಾಳೇನೇ ಹುಡುಕಾಣ."

ಜಂಪಣ್ಣ ಟೀ ದುಡ್ಡು ಕೊಟ್ಟು ಎದ್ದ. ನಿಲ್ಲುವುದಿಲ್ಲವೆಂದು ಪಾತಣ್ಣನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹುಡುಕದಿದ್ದರೆ ನಾಟಕ ಅವನ ಗಂಟಲ ಜೊತೆ ಹೋಗುತ್ತದೆ. ಹುಡುಕಿದರೆ ಅದಕ್ಕೂ ಮುಂಚೆಯೇ ಹೋದರೂ ಹೋಗಬಹುದು. ಬಸ್ಸಿನಲ್ಲಿ ಊರಿಗೆ ಬರುವವರೆಗೂ ಅವನು ಕಿಟಕಿಯ ಕಡೆ ತಿರುಗಿಕೊಂಡೇ ಕೂತಿದ್ದ.

ಅವನಿಗೆ ದಾರಿ ಸಿಕ್ಕಿದ್ದು ಎತ್ತಿಗೆ ನೀರು ಕುಡಿಸುವಾಗ. ನಾಟಕದ ಕೊನೆಗೆ ಎಲ್ಲರೂ ಸಾಲಾಗಿ ನಿಂತು ಹಾಡುವ ಮಂಗಳ ಅವನ ಬಾಯಿಗೆ ತಾನಾಗಿ ಬಂದಿತ್ತು.

ಕೆರೆಯ ತುಂಬಿಸು ಸ್ವಾಮಿ, ಕಣಜ ತುಂಬಿಸು ಸ್ವಾಮಿ,
ಕರುಣದಿಂದಲಿ ನಮ್ಮ ಕಾಯೋ ತಿಪ್ಪೇಶ.

'ತಿಪ್ಪೇಶ' ಅನ್ನುವ ಕಡೆ ಹಾಡು ಯಾವತ್ತೂ ಎಡವುತ್ತಿತ್ತು. ತಾಳ ಇನ್ನೂ ಉಳಿದಿರುತ್ತದೆ, ಮಾತು ಮುಗಿದಿರುತ್ತದೆ. ಹಾಗಾಗಿ ಎಲ್ಲರೂ 'ತಿಪ್ಪೇ-ಏ-ಏ-ಏಶ' ಅಂತ ಎಳೆದು ತುಂಬಿಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬದಲಾದಾಗಲೆಲ್ಲ ಹೊಸಬರು "ಇಲ್ಲೇನೋ ಬಿಟ್ಟು ಹೋಗೈತೆ ಕಣ್ರಿ" ಅನ್ನುತ್ತಿದ್ದರು. ಜಂಪಣ್ಣ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಮಂಗಳ ಎಲ್ಲರಿಗೂ ಬಾಯಿಪಾಠ, ಅಲ್ಲಿ ಎತ್ತಿಕೊಡುವ ಕೆಲಸವಿಲ್ಲ. ಆ ಹೊತ್ತಿಗೆ ಅವನು ಪರದೆಯ ಹಿಂದೆ ಬೀಡಿ ಹಚ್ಚಿರುತ್ತಿದ್ದ. ಅಷ್ಟು ಚಂದ ಅಳೆದು ಬರೆದ ಮೇಷ್ಟ್ರು ಕೊನೆಯ ಸಾಲೊಂದನ್ನು ಹೀಗೆ ಕುಂಟಿಸಿ ಬಿಟ್ಟಾರಾ?

ಎತ್ತನ್ನು ಕಟ್ಟಿದವನೇ ಯರ್ರಮ್ಮಜ್ಜಿಯ ಮನೆಗೆ ಹೋದ. ಮೇಷ್ಟ್ರು ಬಂದ ವರ್ಷವೇ ಮದುವೆಯಾಗಿ ಬಂದವಳು ಅವಳು. ಮೇಷ್ಟ್ರಿಗೆ ರೊಟ್ಟಿ ಬಡಿದು ಹಾಕಿದವಳು. ಪಡಸಾಲೆಯಲ್ಲಿ ಕೂತು ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದಳು.

"ಅಜ್ಜೀ, ಮಂಗಳದಾಗೆ ತಿಪ್ಪೇಶ ಅಂತ ಮೇಷ್ಟ್ರೇ ಬರೆದಿದ್ರಾ?"

"ಇಲ್ಲಪ್ಪ, ಅದು ನಮ್ಮ ಮಾವ ಹಾಕಿಸಿದ್ದು" ಅಂದಳು ಅಜ್ಜಿ, ಅದೊಂದು ದೊಡ್ಡ ವಿಷಯವೇ ಅಲ್ಲವೆಂಬಂತೆ. "ಯಜಮಾನ್ರು ಹೋದ ಮೇಲೆ. 'ನಮ್ಮೂರ ಆಟದಾಗೆ ಬ್ಯಾರೆ ಊರ ದೇವ್ರು ಯಾಕೆ, ನಮ್ಮ ನಾಯಕನಹಟ್ಟಿ ಸ್ವಾಮಿ ಏನು ಕಮ್ಮಿನಾ' ಅಂದ. ಎಲ್ರೂ ಹೂಂ ಅಂದ್ರು."

"ಮೊದ್ಲು ಯಾವ ದೇವರಿತ್ತು?"

ಅಜ್ಜಿ ಕೈ ನಿಲ್ಲಿಸಲಿಲ್ಲ. ಕಾಯಿ ಒಡೆಯುವ ಸದ್ದಿಗೆ ಸರಿಯಾಗಿ ಸಣ್ಣಗೆ ಹಾಡಿದಳು.

"ಕರುಣದಿಂದಲಿ ನಮ್ಮ ಕಾಯೋ ನುಂಕಮಲೆ ಸಿದ್ಧೇಶ."

ತಾಳ ಎಲ್ಲೂ ಉಳಿಯಲಿಲ್ಲ. ನುಂಕಮಲೆ ಅಂದರೆ ಮೊಳಕಾಲ್ಮೂರಿನ ಗುಡ್ಡ. ಹಾಡು ಕಟ್ಟುವವರು ಕೊನೆಯ ಸಾಲಿನಲ್ಲಿ ತಮ್ಮ ದೇವರನ್ನಿಟ್ಟು ತಮ್ಮ ಊರು ತೋರಿಸಿ ಹೋಗುತ್ತಾರೆ. ಮೇಷ್ಟ್ರೂ ತೋರಿಸಿದ್ದರು. ಹಟ್ಟಿಯವರು ಭಕ್ತಿಯಿಂದ ಅದನ್ನು ಅಳಿಸಿದ್ದರು. ಗೌರವದಿಂದ ಹೆಸರನ್ನು ನುಂಗಿದ್ದರು, ಭಕ್ತಿಯಿಂದ ಊರನ್ನೂ ನುಂಗಿದ್ದರು.

"ಅವರ ಹೆಸರು ಗೊತ್ತಾ ಅಜ್ಜಿ ನಿನಗೆ?"

"ಯಜಮಾನ್ರ ಹೆಸರು ನಾನು ಕೇಳಾಕಾಗ್ತದಾ? ರೊಟ್ಟಿ ಎಷ್ಟು ತಿಂತಿದ್ರು ಕೇಳು, ಹೇಳ್ತೀನಿ" ಎಂದು ನಕ್ಕಳು. ಆಮೇಲೆ ಏನೋ ನೆನೆದು, "ಕೈಗೆ ನೀರು ಹಾಕುವಾಗ ನೋಡಿದ್ದೆ. ಬೆರಳ ಸಂದಿಗೆಲ್ಲ ಸಣ್ಣ ಸಣ್ಣ ಗೆರೆ ಬಿದ್ದಿದ್ವು, ದಾರ ಕುಯ್ದಂಗೆ" ಅಂದಳು. ಅದು ನೇಕಾರರ ಕೈಯೆಂದು ಜಂಪಣ್ಣನಿಗೆ ಹೊಳೆಯಿತು; ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು.

ಮಾರನೆಯ ದಿನ ಜಂಪಣ್ಣ, ನಾಗರತ್ನ ತಳಕಿಗೆ ಬಂದು ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಪಾತಣ್ಣ ಬರಲಿಲ್ಲ. "ಹೋಗ್ರಪ್ಪ, ಹೋಗಿ ಕಳಕೊಂಡು ಬರ್ರಿ" ಅಂದಿದ್ದ. ಅಂದವನೇ ಒಂದು ಚೀಲ ಶೇಂಗಾ ಜಂಪಣ್ಣನ ಕೈಗೆ ತುರುಕಿದ್ದ. "ಬರಿಗೈಯಾಗೆ ಹೋಗಬ್ಯಾಡ ಕಣಲೇ."

ಮೊಳಕಾಲ್ಮೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಗುಡ್ಡದ ಬಂಡೆಗಳ ಕೆಳಗೆ ಊರು; ಓಣಿಯೊಳಗೆ ಕಾಲಿಟ್ಟರೆ ಮನೆ ಮನೆಯಿಂದ ಮಗ್ಗದ ಸದ್ದು. ನಾಗರತ್ನ ಮಾತಾಡುವುದು, ಜಂಪಣ್ಣ ತಲೆಯಾಡಿಸುವುದು ಎಂದು ಒಪ್ಪಂದವಾಗಿತ್ತು. ಮರೆತು ಅವನು ಪಿಸುಗುಟ್ಟಿದಾಗಲೆಲ್ಲ ಅವಳು "ಚಿಕ್ಕಪ್ಪಾ!" ಎಂದು ಕಣ್ಣು ಬಿಡುತ್ತಿದ್ದಳು. ಸೀರೆ ಅಂಗಡಿಯಲ್ಲಿ ಕೇಳಿದರು, ಅವರಿಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಕೇಳಿದರು, ಅವರು ಇನ್ಯಾವುದೋ ಮೇಷ್ಟ್ರ ಮನೆ ತೋರಿಸಿದರು. ಅಲ್ಲಿದ್ದವರು ಲೆಕ್ಕದ ಮೇಷ್ಟ್ರು. ಕೊನೆಗೆ ರೇಷ್ಮೆಗೆ ಬಣ್ಣ ಹಾಕುವ ಮನೆಯ ಮುಂದೆ, ಮೊಣಕೈವರೆಗೂ ಕೆಂಪಾಗಿದ್ದ ಮುದುಕರೊಬ್ಬರು ನೂಲಿನ ಲಡಿಗಳನ್ನು ಗಳಕ್ಕೆ ಹರಡುತ್ತ ಕೇಳಿಸಿಕೊಂಡರು.

"ನಾಟಕ ಕಲಿಸ್ತಿದ್ದ ನೇಕಾರ್ರು… ಮಗ್ಗದಾಗೆ ಕುಂತು ಹಾಡು ಕಟ್ಟೋರು… ನಮ್ಮ ಓಬಳಪ್ಪನೋರು ಇರಬೇಕು. ತೀರಿಕೊಂಡು ಬಹಳ ವರ್ಷ ಆಯ್ತು. ಮಗಳು ರೇಣುಕಮ್ಮ ಐತೆ, ಆ ಬೇವಿನ ಮರದ ಮನೆ."

ಓಬಳಪ್ಪ. ಜಂಪಣ್ಣ ಆ ಹೆಸರನ್ನು ಮನಸ್ಸಿನೊಳಗೇ ಒಂದು ಸಲ ಹೇಳಿಕೊಂಡ. ಬಾಯಿಗೆ ತರಲು ನಾಲಿಗೆ ಏಳಲಿಲ್ಲ. ತೀರಿಕೊಂಡಿದ್ದಾರೆಂದು ಗೊತ್ತಿದ್ದದ್ದೇ, ವಯಸ್ಸೇ ಹೇಳುತ್ತಿತ್ತು. ಆದರೂ ಹೆಸರು ಸಿಕ್ಕಿದ್ದು, ಮನುಷ್ಯ ಇಲ್ಲವಾದದ್ದು ಎರಡೂ ಒಂದೇ ಉಸಿರಿನಲ್ಲಿ ಕೇಳಿ ಅವನು ಅಲ್ಲೇ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟ.

ಬೇವಿನ ಮರದ ಮನೆಯಲ್ಲಿ ಹೆಂಗಸೊಬ್ಬಳು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ತಲೆ ಅರ್ಧ ನೆರೆತಿತ್ತು. ನೆರಳು ಬಿದ್ದದ್ದು ನೋಡಿ, ಲಾಳಿ ಹಿಡಿದ ಕೈ ನಿಲ್ಲಿಸದೆ, ತೆಲುಗಿನಲ್ಲಿ "ಎವರು?" ಅಂದಳು. ಆಮೇಲೆ ಕನ್ನಡದವರೆಂದು ಕಂಡು, "ಯಾರವ್ವಾ? ಸೀರೆಗಾ? ಸೊಸೈಟಿಗೆ ಹೋಗ್ರಿ, ಇದು ಆರ್ಡರಿಂದು" ಅಂದಳು.

ನಾಗರತ್ನ ಬಂದ ಕಾರಣ ಹೇಳಿದಳು. ಹೇಳುತ್ತ ಹೋದಂತೆ ಲಾಳಿ ನಿಧಾನವಾಯಿತು. 'ಬಾವಿ ತಂದ ಸೊಸೆ' ಅಂದಾಗ ನಿಂತೇಹೋಯಿತು.

"ಮಾಳದಹಟ್ಟಿಯೋರಾ ನೀವು?" ರೇಣುಕಮ್ಮ ಕುಣಿಯಿಂದ ಮೇಲೆ ಬಂದಳು. ಕೂರಲು ಚಾಪೆ ಹಾಸಿದಳು. ಮುಖ ಮಾತ್ರ ಸಡಿಲಾಗಲಿಲ್ಲ. "ಆ ಸಲ ಮಗ್ಗಕ್ಕೆ ರೇಷ್ಮೆ ಸಿಗದೆ ನಾಯ್ನ ನಿಮ್ಮ ಕಡೆ ಬಂದಿದ್ದ. ನಾನು ಸಣ್ಣೋಳು. ನಮ್ಮಪ್ಪ ಯಾವಾಗ ಬರ್ತಾನೆ ಅಂತ ಅವ್ವನ ಜೀವ ತಿಂತಿದ್ದೆ. ಬಂದ ಮೇಲೂ ನಿಮ್ಮ ಹಟ್ಟಿ ಮಾತೇ. ಆ ಅತ್ತೆ ಪಾರ್ಟಿನೋನು ಹಂಗೆ ನಡೀತಾನೆ, ಆ ಹುಡುಗ ಈಟಿ ಬೀಳಿಸಿದ, ಅದೇ ಮಾತು."

"ಆ ಈಟಿ ಬೀಳಿಸಿದೋನು ನಾನೇ ಕಣವ್ವ" ಅಂದ ಜಂಪಣ್ಣ. ನಾಗರತ್ನ ಈ ಸಲ ಕಣ್ಣು ಬಿಡಲಿಲ್ಲ.

ರೇಣುಕಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಆಮೇಲೆ ಅಂದಳು: "ನಾಯ್ನ ಒಂದು ಸಲ ಬಂದಿದ್ದ ನಿಮ್ಮೂರಿಗೆ. ನಿಮಗ್ಯಾರಿಗೂ ಗೊತ್ತಿಲ್ಲ. ಬಹಳ ವರ್ಷ ಆದ ಮೇಲೆ, ನಾಟಕ ಐತೆ ಅಂತ ಯಾರೋ ಹೇಳಿದ್ರು. ಹೋಗಿ, ಹೊದ್ದುಕೊಂಡು, ಜನದ ಹಿಂದೆ ನಿಂತು ಪೂರ್ತಿ ನೋಡಿದ. ಕೊನೆಗೆ ಮಂಗಳ ಬಂತು. ನಮ್ಮ ನುಂಕಪ್ಪನ್ನ ತೆಗೆದು ನಿಮ್ಮ ಸ್ವಾಮಿನ ಇಟ್ಟಿದ್ರಿ."

ಪಾತಣ್ಣ ಹೇಳಿದ್ದು ಆಗಿಯೇ ಹೋಯಿತು ಅಂದುಕೊಂಡ ಜಂಪಣ್ಣ. ಯಾರಿಗಾಗಿ ಕಂಬಳಿ ಹಾಸಿದ್ದರೋ ಅವರು ಬಂದು, ಕಂಬಳಿಯ ಮೇಲೆ ಕೂರದೆ, ಜನದ ಹಿಂದೆ ನಿಂತು ಹೋಗಿದ್ದರು. ಅಂದು ತಾನು ಪರದೆಯ ಹಿಂದೆ ಬೀಡಿ ಸೇದುತ್ತಿದ್ದ. ನಾಗರತ್ನಳೇ ಕೇಳಿದಳು. "ಬೇಜಾರು ಮಾಡ್ಕಂಡ್ರಾ ಅಕ್ಕಾ?"

"ಅವ್ವನೂ ಹಂಗೇ ಕೇಳಿದ್ಲು. ನಾಯ್ನ ನಗ್ತಾ ಇದ್ದ." ರೇಣುಕಮ್ಮ ಮಗ್ಗದ ಕಡೆ ನೋಡಿದಳು. "'ನಾಟಕ ಅಲ್ಲ, ಹೆಣ್ಣು ಕೊಟ್ಟಿದ್ದೀನಿ ಕಣೇ ಆ ಊರಿಗೆ. ಕೊಟ್ಟ ಮೇಲೆ ಗಂಡನ ಮನೆ ದೇವರನ್ನೇ ಪೂಜೆ ಮಾಡ್ಬೇಕಲ್ಲ ಅವಳು? ಚಂದ ಇಟ್ಕಂಡವ್ರೆ. ನಂಗೊಂದು ಜಾಗನೂ ಇಟ್ಟವ್ರೆ, ಕರೀ ಕಂಬಳಿ ಹಾಸಿ' ಅಂದ. 'ಮತ್ತೆ ಹೋಗಿ ಕುಂತ್ಕಬೇಕಿತ್ತಪ್ಪ' ಅಂತ ನಾನಂದೆ. 'ಕರೀದೆ ಬೀಗರ ಮನೆಗೆ ಹೋಗಿ ಎದುರಿಗೆ ಕುಂತ್ಕಂತಾರಾ' ಅಂದ."

ಜಂಪಣ್ಣ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

"ಅಚ್ಚು ಹಾಕಿಸ್ರಿ" ಅಂದಳು ರೇಣುಕಮ್ಮ. "ಎಲ್ಲಿ ಸಹಿ ಹಾಕಬೇಕು ಹೇಳ್ರಿ, ಹಾಕ್ತೀನಿ. ನಾಯ್ನನ ಹೆಸರು ದೊಡ್ಡಕ್ಷರದಾಗಿರ್ಲಿ. ಆದ್ರೆ ಒಂದು ಮಾತು ಕೇಳ್ರಿ." ದನಿ ಗಟ್ಟಿಯಾಯಿತು. "ಹೆಣ್ಣು ಕೊಟ್ಟ ತವರಿಗೆ ಒಂದು ಕರೆ ಬರಬೇಕಾ ಬ್ಯಾಡವಾ? ಇಷ್ಟು ವರ್ಷ ಒಬ್ಬರಾದ್ರೂ ಕುಂಕುಮ ಹಿಡ್ಕಂಡು ಈ ಬಾಗಿಲಿಗೆ ಬಂದ್ರಾ? ಮಗಳ ಮನೆ ಹಬ್ಬ ಊರಿಗೆಲ್ಲ ಗೊತ್ತು, ತವರಿಗೆ ಗೊತ್ತಿಲ್ಲ!"

"ತಪ್ಪಾತವ್ವ" ಅಂದ ಜಂಪಣ್ಣ. "ಎಲ್ಲಿ ಬರಬೇಕು ಅಂತ ಗೊತ್ತಿರ್ಲಿಲ್ಲ. ನಾವೇ ಅಳಿಸ್ಕಂಡಿದ್ವಿ."

"ಈಗ ಗೊತ್ತಾತಲ್ಲ."

"ಗೊತ್ತಾತು. ನಾನಿರೋತನಕ ನಾನು ಬರ್ತೀನಿ. ಆಮೇಲೆ ಇವಳು ಬರ್ತಾಳೆ."

ರೇಣುಕಮ್ಮ ಊಟ ಹಾಕದೆ ಬಿಡಲಿಲ್ಲ. ಮುದ್ದೆ, ಹುರುಳಿಕಾಳು ಸಾರು. ಪಾತಣ್ಣನ ಶೇಂಗಾ ಹುರಿದು ತಟ್ಟೆಯಲ್ಲಿಟ್ಟಳು. ಮಾತಿನ ನಡುವೆ ಸೊಸೆ ಬಾವಿಯ ದಂಡೆಯ ಮೇಲೆ ಕೂತು ಅಳುವ ಹಾಡನ್ನು ಜಂಪಣ್ಣ ಗುನುಗಿದಾಗ ಅವಳು ಮುಂದಿನ ಸಾಲು ಎತ್ತಿಕೊಂಡಳು. ಅವಳ ಬಾಯಲ್ಲಿ ಅದು ಬೇಗ ಬೇಗ ಹೋಗುತ್ತಿತ್ತು. "ಇಷ್ಟು ಎಳೀಬಾರ್ದು. ಇದು ಲಾಳಿ ಓಡೋ ತಾಳ" ಎಂದು ಮಗ್ಗದ ಕಡೆ ಬೆರಳು ತೋರಿಸಿದಳು. ಜಂಪಣ್ಣ ಅಷ್ಟು ವರ್ಷ ಕಿವಿಯೊಳಗೆ ಇಟ್ಟುಕೊಂಡಿದ್ದ ಹಾಡನ್ನು ಹೊಸದಾಗಿ ಕಲಿಯುವವನಂತೆ ಕೇಳಿಸಿಕೊಂಡ.

ಹೊರಡುವಾಗ 'ಇರ್ರಿ' ಎಂದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಕೆಂಪು ಅಂಚಿನ ಹಸಿರು ರೇಷ್ಮೆ ಸೀರೆಯೊಂದಿತ್ತು. ಅದರ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನ ಕುಂಕುಮ. "ಸೊಸೆ ಪಾರ್ಟಿನೋರು ಉಟ್ಕಳ್ಳಲಿ. ಮಗಳಿಗೆ ತವರಿಂದ ಮಡಿಲು ತುಂಬಬೇಕಲ್ಲ. ಇದು ನಾಯ್ನ ನೇಯ್ದಿದ್ದು, ಸೆರಗಿನ ತಾವ ಒಂದು ಎಳೆ ತಪ್ಪಿತ್ತು, ಅಂಗಡಿಯೋರು ತಗಳ್ಳಲಿಲ್ಲ."

ನಾಗರತ್ನ ಸೆರಗು ಒಡ್ಡಲು ಹೋದಳು. "ನೀನಲ್ಲವ್ವ, ನಾಟಕ ಇರೋದು ಅವರ ಗಂಟಲಾಗೆ" ಎಂದು ರೇಣುಕಮ್ಮ ಜಂಪಣ್ಣನ ಕಡೆ ತಿರುಗಿದಳು. ಬಿಳೀ ಮೀಸೆಯ ಜಂಪಣ್ಣ ಟವಲನ್ನು ಸೆರಗಿನಂತೆ ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಮಡಿಲು ತುಂಬಿಸಿಕೊಂಡ.

ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಕಂಡಕ್ಟರು ಟಿಕೀಟು ಹರಿಯುತ್ತ, "ಏನಜ್ಜ, ತವರಿಂದ ಹೊಂಟಂಗೈತಲ್ಲ ಗಂಡನ ಮನೆಗೆ?" ಎಂದು ಹಾಸ್ಯ ಮಾಡಿದ.

"ಹೂಂ ಕಣಪ್ಪ" ಅಂದ ಜಂಪಣ್ಣ. "ತಳಕಿಗೆ ಎರಡು ಕೊಡು."

ರೇಣುಕಮ್ಮನ ಒಪ್ಪಿಗೆ ಪತ್ರ ನೋಡಿ ಶಿವಮೂರ್ತಪ್ಪ ಅಚ್ಚಿಗೆ ಒಪ್ಪಿಕೊಂಡ. ಒಂದು ಮಧ್ಯಾಹ್ನ ನಾಗರತ್ನ ಗ್ರಂಥಾಲಯದಲ್ಲಿ ಕೂತು, ಆ ತಿದ್ದುಪಡಿ ಬಗ್ಗೆ ಯಾರಾದರೂ ಅಭಿಪ್ರಾಯ ಬರೆದು ಕಳಿಸಬಹುದೆಂದು ಓದಿದ್ದಾಗಿ ಹೇಳಿ, "ನೀನೇನು ಹೇಳ್ತೀಯಾ ಚಿಕ್ಕಪ್ಪ? ಬರೀತೀನಿ" ಅಂದಳು.

"ಸಲೀಸು ಮಾಡ್ಲಿ, ಒಳ್ಳೇದೇ. ನಮ್ಮಂಗೆ ಗೆದ್ದಲು ತಿನ್ನೋ ತನಕ ಯಾರೂ ಕಾಯಬಾರ್ದು. ಆದ್ರೆ ಹುಡುಕಬೇಕು ಅನ್ನೋದನ್ನ ಮಾತ್ರ ಸಡಿಲ ಮಾಡಬ್ಯಾಡ್ರಿ ಅಂತ ಬರಿ. ಪೇಪರಿನ ಮೂಲೆಗೆ ಹಾಕಿಸಿದ್ರೆ ಹುಡುಕಿದಂಗಲ್ಲ. ಬಸ್ಸು ಹತ್ತಿ ಹೋಗಬೇಕು."

"ಬಸ್ಸು ಹತ್ತಿ ಅಂತಾನೇ ಬರೀಲಾ?"

"ಹಂಗೇ ಬರಿ."

ಅವಳು ಹಾಗೆಯೇ ಬರೆದು ಕಳಿಸಿದಳು. ಅದನ್ನು ಡೆಲ್ಲಿಯಲ್ಲಿ ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ. ಕಾಯ್ದೆಯ ಮಾತು ಇನ್ನೂ ಮಾತಾಗಿಯೇ ಇತ್ತು. ಅಷ್ಟರಲ್ಲಿ ಶೇಂಗಾ ಬಲಿತು, ಕಿತ್ತು, ನಾಟಕದ ದಿನ ಬಂತು. ಜಂಪಣ್ಣ ಕುಂಕುಮ ಹಿಡಿದು ಮೊಳಕಾಲ್ಮೂರಿಗೆ ಹೋಗಿ ಕರೆದು ಬಂದ. ಪಾತಣ್ಣ ಬಸ್ ಸ್ಟಾಪಿನವರೆಗೂ ಹೋಗಿ ರೇಣುಕಮ್ಮನ ಚೀಲ ಹೊತ್ತುಕೊಂಡು ಬಂದ. "ಏನವ್ವ, ಹುಡುಕಬ್ಯಾಡ ಅಂದೋನೂ ನಾನೇ, ಶೇಂಗಾ ಕಳಿಸಿದೋನೂ ನಾನೇ. ಶೇಂಗಾ ಮಾತ್ರ ನೆನಪಿಟ್ಕೋ" ಅಂದ.

ಕಂಬಳಿ ಹಾಸಿದ್ದರು. ಎಲ್ಲರೂ ಕೂರಿರೆಂದರೂ ರೇಣುಕಮ್ಮ ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ, ಯರ್ರಮ್ಮಜ್ಜಿಯ ಜೊತೆ ಕೂತಳು. ಒಂದು ಕೈ ಮಾತ್ರ ಕಂಬಳಿಯ ಅಂಚಿನ ಮೇಲಿತ್ತು. ಸೊಸೆಯಾಗಿ ಹಟ್ಟಿಯ ಹುಡುಗಿ ಜ್ಯೋತಿಲಕ್ಷ್ಮಿ ಹಸಿರು ಸೀರೆಯುಟ್ಟು ರಂಗಕ್ಕೆ ಬಂದಾಗ ಆ ಕೈ ಉಣ್ಣೆಯನ್ನು ಬಿಗಿಯಾಗಿ ಹಿಡಿದದ್ದು ಪರದೆಯ ಹಿಂದಿದ್ದ ಜಂಪಣ್ಣನಿಗೆ ಕಾಣಿಸಿತು. ಈಗ ಅಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದವಳು ನಾಗರತ್ನ. ಜಂಪಣ್ಣ ಸುಮ್ಮನೆ ಪಕ್ಕದಲ್ಲಿ ನಿಂತಿದ್ದ. ಡಾಕ್ಟರ ಮಾತು ಉಳಿಸಿಕೊಂಡಿದ್ದ.

ಬೆಳಕು ಹರಿಯುವ ಹೊತ್ತಿಗೆ ಬಂಡೆ ಒಡೆದು ನೀರು ಬಂತು. ಎಲ್ಲರೂ ಸಾಲಾಗಿ ನಿಂತು ಮಂಗಳ ಎತ್ತಿದರು. ಒಂದು ಸಲ ಹಟ್ಟಿಯ ದೇವರಿಗೆ, ಇನ್ನೊಂದು ಸಲ ತವರಿನ ದೇವರಿಗೆ ಹಾಡುವುದೆಂದು ಮಾತಾಗಿತ್ತು. ಮೊದಲನೆಯದು 'ತಿಪ್ಪೇ-ಏ-ಏ-ಏಶ' ಎಂದು ಎಂದಿನಂತೆ ಎಳೆದುಕೊಂಡು ಮುಗಿಯಿತು. ಎರಡನೆಯ ಸಲ ಬಂದಾಗ, ಅಷ್ಟು ವರ್ಷದ ರೂಢಿ, ಎಲ್ಲರ ನಾಲಿಗೆಯೂ ತಡವರಿಸಿತು. ಪಾತಣ್ಣ ಅತ್ತೆಯ ಸೀರೆಯಲ್ಲೇ ನಿಂತು ಪರದೆಯ ಕಡೆ ಕಣ್ಣು ಮಿಟುಕಿಸಿದ. ನಾಗರತ್ನ ಪುಟ ತಿರುವುತ್ತಿದ್ದಳು.

ಮಂಗಳದಲ್ಲಿ ಜಂಪಣ್ಣ ಎಂದೂ ಮಾತು ಎತ್ತಿಕೊಟ್ಟವನಲ್ಲ. ಕಂಬಳಿಯ ಕಡೆ ನೋಡಿದ. ಮುಂದೆ ಬಾಗಿ, ಪಿಸುಗುಟ್ಟದೆ, ಪರದೆಯಾಚೆ ಕೂತವರಿಗೆಲ್ಲ ಕೇಳುವ ಹಾಗೆ ಎತ್ತಿಕೊಟ್ಟ.

"ನುಂಕಮಲೆ ಸಿದ್ಧೇಶ."

ಸಾಲು ನಿಂತವರೆಲ್ಲ ಅದನ್ನು ಹಿಡಿದುಕೊಂಡರು. ತಾಳ ಎಲ್ಲೂ ಉಳಿಯಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಲೆಯೆತ್ತಿ, "ಹಾಂ, ಇದೇ ಬಿಟ್ಟು ಹೋಗಿತ್ತು" ಅಂದರು. ರೇಣುಕಮ್ಮ ಎದ್ದು ಕಂಬಳಿಯ ಮೇಲಿದ್ದ ಎಲೆ ಅಡಿಕೆ, ಕಾಯಿ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು, ಪರದೆಯ ಕಡೆಗೆ ತಿರುಗಿ ಕೈಮುಗಿದಳು. ಪರದೆಯ ಹಿಂದೆ ಜಂಪಣ್ಣನೂ ಕೈಮುಗಿದ.